ಯಾರ ಹಿಂದಕ್ಕೆ?

ನಾನು ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸಿನ ಕಂಡಕ್ಟರ್. ಇಪ್ಪತ್ತು ವರ್ಷ ದಾಟಿತು. ದಿನವಿಡೀ ಬೊಬ್ಬೆ ಹೊಡೆಯುವ ಮನುಷ್ಯ ಮನೆಗೆ ಬಂದು ಮಗಳ ಎದುರು ಬೆಕ್ಕಿನ ಹಾಗೆ ಕೂತುಕೊಳ್ಳುತ್ತಾನೆ ಎಂದು ನನ್ನ ಹೆಂಡತಿ ಹಾಸ್ಯ ಮಾಡುವುದುಂಟು. ಅದು ಸುಳ್ಳಲ್ಲ. ಮಗಳು ಮಣಿಪಾಲದ ಕಾಲೇಜಿಗೆ ಸೇರಿದ ಮೇಲೆ ಅವಳು ಓದುವುದು ಒಂದೂ ನನ್ನ ತಲೆಗೆ ಹತ್ತುವುದಿಲ್ಲ. ಕೇಳಿದರೆ, "ನಿಮಗೆ ಗೊತ್ತಾಗುದಿಲ್ಲ ಪಪ್ಪ" ಎನ್ನುತ್ತಿದ್ದಳು. ಉದ್ಧಟತನದಿಂದ ಹೇಳಿದ್ದಲ್ಲ, ನನಗೆ ತಲೆನೋವು ಬೇಡ ಎಂದು ಹೇಳಿದ್ದು. ಆದರೂ ಒಳಗೆ ಸ್ವಲ್ಪ ಚುರ್ ಎನ್ನುತ್ತಿತ್ತು.

ಕೊನೆಯ ವರ್ಷದ ಪ್ರಾಜೆಕ್ಟ್ ಎಂದು ಅವಳು ಒಂದು ಹೊಡೆದಾಟದ ಗೇಮ್ ಮಾಡಿದ್ದಳು. ಕಾಪುವಿನ ದೀಪಸ್ತಂಭದ ಬಂಡೆ, ಎಡಕ್ಕೂ ಬಲಕ್ಕೂ ಸಮುದ್ರ. ಬಂಡೆಯ ಮೇಲೆ ಲುಂಗಿ ಎತ್ತಿ ಕಟ್ಟಿದವನೊಬ್ಬ, ಹೆಲ್ಮೆಟ್ ಹಾಕಿದವನೊಬ್ಬ. ಪೆಟ್ಟು ತಿಂದವನು ಹಾರಿ ದೂರ ಬೀಳಬೇಕು, ನೀರಿಗೆ ಬಿದ್ದರೆ ಸೋತ. ನೋಡಲು ಚಂದವೇ ಇತ್ತು. ಆದರೆ ಒಮ್ಮೊಮ್ಮೆ ಪೆಟ್ಟು ತಿಂದವನು ಹೊಡೆದವನ ಕಡೆಗೇ ಹಾರಿ, ಅವನನ್ನು ದಾಟಿ, ಆ ಬದಿಯ ನೀರಿಗೆ ಬೀಳುತ್ತಿದ್ದ. ಯಾಕೆಂದು ಅವಳಿಗೆ ಹೊಳೆಯಲಿಲ್ಲ. ಸೋಮವಾರದೊಳಗೆ ಅದು ಸರಿಯಾಗದಿದ್ದರೆ ಮುಂದಿನ ಸೆಮಿಸ್ಟರಿನಲ್ಲಿ ಬೇರೆಯೇ ಪ್ರಾಜೆಕ್ಟ್ ಮಾಡು ಎಂದು ಅವಳ ಮೇಷ್ಟ್ರು ಹೇಳಿದ್ದರಂತೆ. ಹಾಗಾದರೆ ಆರು ತಿಂಗಳ ದುಡಿಮೆ ಮಣ್ಣುಪಾಲು.

ಭಾನುವಾರ ನನಗೆ ರಜೆ. ಮಧ್ಯಾಹ್ನ ಅವಳು ಊಟಕ್ಕೂ ಏಳದೆ ಲ್ಯಾಪ್‌ಟಾಪಿನ ಎದುರು ಕೂತಿದ್ದಳು, ಕಣ್ಣು ಕೆಂಪಾಗಿತ್ತು. ನನಗೆ ಸಂಕಟವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ, ನನ್ನ ಸಿಟ್ಟು ಇರುವುದೇ ಹಾಗೆ.

"ಪಪ್ಪ, ಸ್ವಲ್ಪ ನನ್ನ ಒಟ್ಟಿಗೆ ಆಡಿ" ಎಂದಳು. "ಒಬ್ಬಳೇ ಎರಡು ಜನರನ್ನು ಆಡಿಸಿ ಸಾಕಾಯ್ತು."

ಲುಂಗಿಯವನು ನನ್ನವನಾದ, ಹೆಲ್ಮೆಟ್ಟಿನವನು ಅವಳವನು. ಎದುರು ನಿಂತ ಕೂಡಲೇ ಅವಳು ನನ್ನನ್ನು ನೀರಿಗೆ ಹಾಕಿದಳು. ಎರಡನೆಯ ಸಲವೂ ಅದೇ ಗತಿ. ಮೂರನೆಯ ಸಲ ನಾನು ಹೆಲ್ಮೆಟ್ಟಿನವನ ತಲೆಯ ಮೇಲಿಂದ ಹಾರಿ, ಅವನು ತಿರುಗುವ ಮೊದಲೇ ಬೆನ್ನಿಗೆ ಒಂದು ಕೊಟ್ಟೆ.

"ಎದುರು ನಿಂತು ಹೊಡೀರಿ ಪಪ್ಪ!"

"ಎದುರು ನಿಂತರೆ ನೀನು ಬಿಡ್ತಿಯಾ ಮಾರಾಯ್ತಿ?"

"ಬಸ್ಸಿನಲ್ಲಿ ಜನರನ್ನು ದೂಡಿ ಸಾಕಾಗ್ಲಿಲ್ವಾ ನಿಮಗೆ?" ಎಂದು ಒಳಗಿನಿಂದ ಹೆಂಡತಿ ಕೂಗಿದಳು.

ನಾನು ಬೆನ್ನಿಗೇ ಹೊಡೆಯುತ್ತಾ ಹೋದೆ. ಪ್ರತಿ ಸಲವೂ ಹೆಲ್ಮೆಟ್ಟಿನವನು ನನ್ನ ಕಡೆಗೇ ಹಾರಿ, ನನ್ನನ್ನು ದಾಟಿ ಬಿದ್ದ. ಮಗಳು ಕೈ ನಿಲ್ಲಿಸಿ ಪರದೆಯನ್ನೇ ನೋಡಿದಳು.

"ನೀನು ಅವನಿಗೆ ಎಂತ ಹೇಳಿಟ್ಟಿದ್ದಿ?" ಎಂದು ಕೇಳಿದೆ.

"ಪೆಟ್ಟು ಬಿದ್ದರೆ ಹಿಂದಕ್ಕೆ ಹಾರು ಅಂತ."

"ಯಾರ ಹಿಂದಕ್ಕೆ?"

"ಅವನ ಹಿಂದಕ್ಕೆ. ಮತ್ತೆ ಯಾರದ್ದು?"

ನನಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷದಿಂದ ನನ್ನ ಬಸ್ಸಿನ ಜನ ಮಾಡುವ ತಪ್ಪನ್ನೇ ನನ್ನ ಮಗಳು ಕಂಪ್ಯೂಟರಿಗೆ ಕಲಿಸಿದ್ದಳು. ಹಿರಿಯಡ್ಕದಲ್ಲಿ ಬಸ್ಸು ತುಂಬಿದಾಗ ನಾನು "ಹಿಂದೆ ಹೋಗಿ, ಹಿಂದೆ ಜಾಗ ಉಂಟು" ಎಂದು ಕೂಗುತ್ತೇನೆ. ಡ್ರೈವರನ ಕಡೆ ಮುಖ ಮಾಡಿ ನಿಂತವರು ಸರಿಯಾಗಿ ಹಿಂದಿನ ಸೀಟಿನ ಕಡೆ ಹೋಗುತ್ತಾರೆ. ಆದರೆ ಗೆಳೆಯರೊಡನೆ ಪಟ್ಟಾಂಗ ಹೊಡೆಯುತ್ತಾ ಹಿಂದಿನ ಸೀಟಿನ ಕಡೆ ಮುಖ ಮಾಡಿ ನಿಂತವರು ತಮ್ಮ ಬೆನ್ನಿನ ಕಡೆಗೆ ಎರಡು ಹೆಜ್ಜೆ ಇಟ್ಟು, ಡ್ರೈವರನ ಹತ್ತಿರವೇ ಬಂದು, ಯಾರದ್ದೋ ಕಾಲು ತುಳಿಯುತ್ತಾರೆ. ನಾನು ಬಸ್ಸಿನ ಹಿಂದೆ ಎಂದಿರುತ್ತೇನೆ, ಅವರು ತಮ್ಮ ಹಿಂದೆ ಎಂದುಕೊಂಡಿರುತ್ತಾರೆ. ಈಗ ನಾನು "ಡ್ರೈವರನಿಂದ ಆಚೆ ಹೋಗಿ" ಎನ್ನುತ್ತೇನೆ. ಮುಖ ಎಲ್ಲಿಗೇ ಇರಲಿ, ಆಗ ಯಾರಿಗೂ ತಪ್ಪುವುದಿಲ್ಲ.

"ಅವನ ಮುಖ ಎಲ್ಲಿಗಾದರೂ ಇರಲಿ ಮಗಾ, ಹೊಡೆದವ ಎಲ್ಲಿದ್ದಾನೆ ನೋಡು" ಎಂದೆ. "ಕಾಪುವಿನ ಒಂದು ಬದಿ ಪಡುಬಿದ್ರಿ, ಇನ್ನೊಂದು ಬದಿ ಉಡುಪಿ ಅಲ್ವಾ? ಪಡುಬಿದ್ರಿ ಕಡೆ ನಿಂತು ಹೊಡೆದರೆ ಇವ ಉಡುಪಿ ಕಡೆ ಬೀಳಬೇಕು. ಹೊಡೆದವನಿಂದ ಆಚೆಗೆ."

ಅವಳು ಟಕಟಕ ಕೀಲಿ ಒತ್ತತೊಡಗಿದಳು. ಇಬ್ಬರೂ ಎದುರುಬದುರು ನಿಂತಾಗ ಬೆನ್ನಿನ ಕಡೆಯೂ ಆಚೆ ಕಡೆಯೂ ಒಂದೇ ಆಗಿದ್ದರಿಂದ ತಪ್ಪು ಅಡಗಿಯೇ ಇತ್ತು ಎಂದು ಆಮೇಲೆ ವಿವರಿಸಿದಳು. ಮತ್ತೆ ಆಡಿದೆವು. ನಾನು ಬೆನ್ನಿಗೆ ಹೊಡೆದೆ. ಹೆಲ್ಮೆಟ್ಟಿನವನು ಮುಗ್ಗರಿಸಿ ನೇರ ತನ್ನ ಮುಂದಿನ ಸಮುದ್ರಕ್ಕೆ ಹೋದ. ಅವಳು ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ನಾನು ತಣ್ಣಗಾಗಿದ್ದ ಅನ್ನವನ್ನು ಬಿಸಿ ಮಾಡಿಸಿ ತಂದುಕೊಟ್ಟೆ.

ಸೋಮವಾರ ಮೂರು ಟ್ರಿಪ್ಪಿನಲ್ಲೂ ನನಗೆ ಮನಸ್ಸು ನಿಲ್ಲಲಿಲ್ಲ. ಪರ್ಕಳಕ್ಕೆ ಟಿಕೆಟ್ ಕೇಳಿದವರಿಗೆ ಮಣಿಪಾಲಕ್ಕೆ ಕೊಟ್ಟು ಬೈಸಿಕೊಂಡೆ. ಸಂಜೆ ಅವಳು ನಗುತ್ತಾ ಬಂದಳು. ಮೇಷ್ಟ್ರು ಒಪ್ಪಿದ್ದರು. ತೋರಿಸು ಎಂದಾಗ ಗೇಮಿಗೆಂದು ಕಂಪ್ಯೂಟರಿಗೆ ಬರೆದ ಸಾಲುಗಳನ್ನು ತೆರೆದಳು. ಎಲ್ಲವೂ ಇಂಗ್ಲಿಷ್, ನಡುವೆ ಒಂದೇ ಒಂದು ಸಾಲು ಕನ್ನಡದಲ್ಲಿತ್ತು: 'ಹೊಡೆದವನಿಂದ ಆಚೆಗೆ. ಪಪ್ಪ ಹೇಳಿದ್ದು.'

"ಇದು ಕಂಪ್ಯೂಟರಿಗೆ ಅಲ್ಲ, ಓದುವವರಿಗೆ" ಎಂದಳು. "ಸರ್ ಇದನ್ನು ತೆಗಿಲಿಕ್ಕೆ ಹೇಳಿದ್ರು. ಯಾವ ಪುಸ್ತಕದಲ್ಲಿ ಉಂಟು ಅಂತ ಹಾಕಬೇಕಂತೆ."

"ಹಾಕು ಮತ್ತೆ, ಅವರು ಹೇಳಿದ ಮೇಲೆ."

"ಪುಸ್ತಕದಲ್ಲಿ ಇರಲಿಲ್ಲ ಸರ್, ಮನೆಯಲ್ಲಿ ಇತ್ತು ಅಂದೆ."