ಕುಂಬಳೆಯಲ್ಲಿ ಇಳಿದ ಭಾನುವಾರ

ಕೆಂಡದ ಮೇಲೆ ಬಾಡಿಸಿದ ಬಾಳೆಎಲೆಯ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ಸಾಕು, ಈ ವಯಸ್ಸಿನಲ್ಲೂ ನನಗೆ ಗಾಡಿ ತಪ್ಪಿಹೋದೀತು ಎಂಬ ಗಡಿಬಿಡಿ ಹತ್ತಿಕೊಳ್ಳುತ್ತದೆ. ಕುಲಶೇಖರದ ನಮ್ಮ ಹಂಚಿನ ಮನೆಯಲ್ಲಿ ಆ ವಾಸನೆ ಬಂತೆಂದರೆ ಅಂದು ರೈಲು ಪ್ರಯಾಣ ಎಂದೇ ಅರ್ಥ. ಅಮ್ಮ ಬೆಳಗಿನ ಜಾವದಲ್ಲೇ ಎದ್ದು ಎಲೆ ಬಾಡಿಸಿ, ಇಡ್ಲಿಯಂಥ ಸನ್ನ ಮತ್ತು ತೆಂಗಿನತುರಿಯ ಕೋಳಿ ಸುಕ್ಕವನ್ನು ಬೇರೆ ಬೇರೆ ಪೊಟ್ಟಣ ಕಟ್ಟುತ್ತಿದ್ದರು. ಪಪ್ಪ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ನಾವು ನಾಲ್ಕೇ ಜನ: ಅವರಿಬ್ಬರು, ನಾನು, ಮತ್ತೆ ಅಮ್ಮನ ತಂಗಿ ಲೀನಾ ಮಾವ್ಶಿ. ನಮ್ಮ ಕೊಂಕಣಿಯಲ್ಲಿ ಚಿಕ್ಕಮ್ಮನಿಗೆ ಮಾವ್ಶಿ ಎನ್ನುತ್ತೇವೆ. ಅವರು ಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಜೋರಾಗಿ ನಗುತ್ತಿದ್ದರು, ಬೇಗ ಬೇಗ ನಡೆಯುತ್ತಿದ್ದರು. ಅವರ ಸೀರೆಯಿಂದ ಯಾವಾಗಲೂ ಡೆಟ್ಟಾಲಿನ ಪರಿಮಳ ಬರುತ್ತಿತ್ತು.

ಪಪ್ಪನಿಗೆ ಇದ್ದದ್ದು ಒಂದೇ ಹುಚ್ಚು, ರೈಲಿನ ವೇಳಾಪಟ್ಟಿ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು, ಹೋಗುವುದಕ್ಕಿಂತ ಹೋಗುವ ತಯಾರಿಯಲ್ಲೇ ಹೆಚ್ಚು ಸುಖಪಡುವವರು. ಆಫೀಸಿನ ರದ್ದಿ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಂದು ಮಣಿ ಪೋಣಿಸಿದ ಹಾಗೆ ಬರೆಯುತ್ತಿದ್ದರು. ಆದರೆ ಅವರ ಯೋಜನೆ ಶುರುವಾಗುತ್ತಿದ್ದದ್ದು ಸಂಜೆಯಿಂದ. "ಹೋಗ್ಲಿಕ್ಕೆ ಯಾರಿಗೂ ಬರ್ತದೆ, ವಾಪಸ್ ಬರುವ ಗಾಡಿ ಮೊದಲು ನೋಡ್ಬೇಕು" ಎನ್ನುತ್ತಿದ್ದರು. ಸಂಜೆಯ ಗಾಡಿಯನ್ನು ಗಟ್ಟಿ ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಹಿಂದಕ್ಕೆ ಬಂದು, ಊಟಕ್ಕೆ ಇಷ್ಟು ಹೊತ್ತು, ಸಮುದ್ರಕ್ಕೆ ಇಷ್ಟು ಹೊತ್ತು ಎಂದು ಹಂಚಿ, ಕೊನೆಗೆ ಬೆಳಗಿನ ಮೊದಲ ಪೂಜೆ ಮುಗಿಸಿ ಇಗರ್ಜಿಯಿಂದ, ಅಂದರೆ ನಮ್ಮ ಚರ್ಚಿನಿಂದ, ಹೊರಡುವ ಗಳಿಗೆಗೆ ಬಂದು ಮುಟ್ಟುತ್ತಿದ್ದರು. ಹೋಗುವಾಗ ಬಲಗಡೆಯ ಕಿಟಕಿ, ಬರುವಾಗ ಎಡಗಡೆಯದು, ಏಕೆಂದರೆ ಸಮುದ್ರ ಇರುವುದು ಆ ಕಡೆ. ಕಲ್ಲಿದ್ದಲಿನ ಕಿಡಿ ಕಣ್ಣಿಗೆ ಬೀಳದಂತೆ ಇಂಜಿನ್ನಿಗೆ ಬೆನ್ನು ಹಾಕಿ ಕೂರಬೇಕು. ಹೀಗೆ ನಾವು ಉಳ್ಳಾಲದ ಮರಳಿಗೆ, ಮಂಜೇಶ್ವರದ ಹೊಳೆಬದಿಗೆ ಎಷ್ಟೋ ಸಲ ಹೋಗಿ ಬಂದಿದ್ದೆವು. ಒಂದು ದಿನವೂ ಪಪ್ಪನ ಕಾಗದ ತಪ್ಪಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದ ಬೇಸಗೆಯಲ್ಲಿ ಮಾವ್ಶಿಗೆ ಕುವೈತಿನ ಒಂದು ಆಸ್ಪತ್ರೆಯಿಂದ ಕಾಗದ ಬಂತು. ಕೆಲಸ ಸಿಕ್ಕಿತ್ತು, ಜೂನಿನಲ್ಲಿ ಬೊಂಬಾಯಿಗೆ ಹೋಗಿ ಹಡಗು ಹತ್ತಬೇಕಿತ್ತು. ಅವರು ಅರ್ಜಿ ಹಾಕಿದ್ದೇ ಅಮ್ಮನಿಗೆ ಗೊತ್ತಿರಲಿಲ್ಲ. ಅಕ್ಕತಂಗಿಯರ ತಾಯಿ ತೀರಿಹೋದಾಗ ಮಾವ್ಶಿಗೆ ನಾಲ್ಕು ವರ್ಷ. ಅಂದಿನಿಂದ ತಲೆ ಬಾಚಿ, ಅನ್ನ ಕಲಸಿ ಕೊಟ್ಟು ಬೆಳೆಸಿದವರು ಅಮ್ಮ. ಮದುವೆಯಾಗಿ ಬರುವಾಗಲೂ ತಂಗಿಯನ್ನು ಜೊತೆಗೇ ಕರೆತಂದಿದ್ದರು. ಅಮ್ಮ ಕಾಗದವನ್ನು ಮೇಜಿನ ಮೇಲಿಟ್ಟು ಒಳಗೆ ಹೋದವರು ಆಮೇಲೆ ತಂಗಿಯೊಡನೆ ಮಾತೇ ಬಿಟ್ಟರು. ಬಡಿಸುವುದು ಬಡಿಸುತ್ತಿದ್ದರು, ಮಾತಿಲ್ಲ. ಎರಡು ವಾರ ನಮ್ಮ ಮನೆಯಲ್ಲಿ ಕೇಳಿಸಿದ್ದು ಪಾತ್ರೆಗಳ ಸದ್ದು ಮಾತ್ರ. ಜಗಳ ಬಿಡಿಸಲು ಪಪ್ಪನಿಗೆ ಬರುತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ. ಒಂದು ಶನಿವಾರ ಕಾಗದ ಪೆನ್ಸಿಲು ಹಿಡಿದು ಕೂತು, "ನಾಳೆ ಕಾಸರಗೋಡು ದಾಟಿ ಬೇಕಲದ ಕೋಟೆಗೆ" ಎಂದರು.

ಬರುವುದಿಲ್ಲ ಎಂದಿದ್ದ ಅಮ್ಮ ಬೆಳಿಗ್ಗೆ ಪೊಟ್ಟಣ ಕಟ್ಟಿ ತಾವೇ ಎತ್ತಿಕೊಂಡು ಹೊರಟರು. ಗಾಡಿಯಲ್ಲಿ ಮಾವ್ಶಿ ಬಲಗಡೆ ಕೂತರೆ ಅಮ್ಮ ಹೋಗಿ ಎಡಗಡೆ ಕೂತರು. ನೇತ್ರಾವತಿಯ ಸೇತುವೆಯ ಮೇಲೆ ಗಾಡಿ ಗಡಗಡ ಎನ್ನುವಾಗ ನಾನು ಇಬ್ಬರ ನಡುವೆ ಓಡಾಡುತ್ತ, ಆ ಕಡೆ ದೋಣಿ ಉಂಟು, ಈ ಕಡೆ ಕೊಕ್ಕರೆ ಉಂಟು ಎಂದು ವರದಿ ಒಪ್ಪಿಸುತ್ತಿದ್ದೆ. ಇಬ್ಬರೂ ನನಗೆ ಉತ್ತರ ಕೊಡುತ್ತಿದ್ದರು, ಒಬ್ಬರಿಗೊಬ್ಬರು ಕೊಡಲಿಲ್ಲ. ಕುಂಬಳೆಯಲ್ಲಿ ಗಾಡಿ ನಿಂತದ್ದು ಹೊರಡಲೇ ಇಲ್ಲ. ಹಿಂದಿನ ದಿನದ ಗಾಳಿಮಳೆಗೆ ಮುಂದೆ ಎಲ್ಲೋ ಹಳಿಯ ಮೇಲೆ ತೆಂಗಿನಮರಗಳು ಬಿದ್ದಿವೆಯಂತೆ. ಪಪ್ಪ ಕಾಗದ ತೆಗೆದು ಒಮ್ಮೆ ತಿದ್ದಿದರು, ಇನ್ನೊಮ್ಮೆ ತಿದ್ದಿದರು. ಒಂದು ಗಂಟೆ ಕಳೆದ ಮೇಲೆ ಅದರಲ್ಲಿ ತಿದ್ದಲು ಜಾಗವೇ ಉಳಿಯಲಿಲ್ಲ. ಅವರ ಮುಖ ನೋಡಲಾಗದೆ ಮಾವ್ಶಿ, "ಇಲ್ಲೇ ಇಳಿಯುವಾ, ಭಾವ, ಇಲ್ಲಿಯೂ ನೀರುಂಟು, ಮರಳುಂಟು" ಎಂದರು.

ಹೊಳೆ ಸಮುದ್ರ ಸೇರುವ ಕಡೆ ನಡೆದೆವು. ಅಲ್ಲೊಂದು ಗುಡಿಸಲಿನ ಮುಂದೆ ಏಳೆಂಟು ಜನ ಸೇರಿದ್ದರು. ನಡುವೆ ವಯಸ್ಸಾದ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು ಕೈ ಹಿಡಿದುಕೊಂಡು ಕೂತಿದ್ದಳು. ಮಗನ ಗಾಳದ ದಾರ ಬಿಡಿಸುವಾಗ ದೊಡ್ಡ ಕೊಕ್ಕೆ ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ಮಗ ಅದನ್ನು ಎಳೆಯಲು ನೋಡುತ್ತಿದ್ದ, ಅವಳು ಹಲ್ಲು ಕಚ್ಚಿ ಕೂತಿದ್ದಳು. ಮಾವ್ಶಿ ಕೈಚೀಲವನ್ನು ನನ್ನ ಕೈಗೆ ತುರುಕಿ ಜನರ ನಡುವೆ ಹೋಗಿ, "ಎಳೆಯಬೇಡ, ಮಾಂಸ ಹರಿದುಹೋಗ್ತದೆ" ಎಂದು ತುಳುವಿನಲ್ಲಿ ಹೇಳಿದರು. ನಾವು ಮನೆಯಲ್ಲಿ ಎಂದೂ ಕೇಳದ ದನಿ ಅದು, ಮೆತ್ತಗಿತ್ತು, ಆದರೆ ಎದುರಾಡುವಂತಿರಲಿಲ್ಲ. ನೀರು ಕುದಿಸಲು ಹೇಳಿದರು, ಸಾಬೂನು ಕೇಳಿದರು. ಆಮೇಲೆ ತಿರುಗಿ, "ಭಾವ, ಸ್ಟೇಷನ್ನಿನಲ್ಲಿ ಇಕ್ಕಳ ಸಿಗ್ತದಾ ನೋಡಿ, ತಂತಿ ಕತ್ತರಿಸುವಂಥದ್ದು" ಎಂದರು.

ಪಪ್ಪ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಂಚೆ ಎತ್ತಿ ಕಟ್ಟಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮರಳಿನಲ್ಲಿ ಓಡಿದರು, ಇಕ್ಕಳ ಹಿಡಿದು ಹಾಗೆಯೇ ಓಡಿ ಬಂದರು. ಅಷ್ಟರಲ್ಲಿ ಮಾವ್ಶಿ ಹೆಂಗಸಿನ ಕೈ ತೊಳೆದಿದ್ದರು. ಇಕ್ಕಳವನ್ನು ಕುದಿಯುವ ನೀರಿಗೆ ಹಾಕಿ, "ಯಾರಾದರೂ ಇವರ ಭುಜ ಹಿಡ್ಕೊಳ್ಳಿ" ಎಂದರು. ಯಾರೂ ಮುಂದೆ ಬರಲಿಲ್ಲ. ಅಮ್ಮ ಪೊಟ್ಟಣಗಳನ್ನು ಕೆಳಗಿಟ್ಟು ಹೋಗಿ, ಆ ಹೆಂಗಸಿನ ಹಿಂದೆ ಮರಳಲ್ಲೇ ಕೂತು, ಅವಳನ್ನು ಎದೆಗೆ ಒರಗಿಸಿಕೊಂಡರು. ಮಾವ್ಶಿ ಕೊಕ್ಕೆಯನ್ನು ಹಿಂದಕ್ಕೆ ಎಳೆಯಲಿಲ್ಲ. ಮುಂದಕ್ಕೇ ಒತ್ತಿ ತುದಿಯನ್ನು ಚರ್ಮದಿಂದ ಹೊರಗೆ ತಂದು, ಅದರ ಹಿಮ್ಮುಖ ಮುಳ್ಳನ್ನು ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ಜಾರಿಸಿ ತೆಗೆದರು. ಉದ್ದಕ್ಕೂ ಅವಳೊಡನೆ ಮೊಮ್ಮಕ್ಕಳ ಹೆಸರು ಕೇಳುತ್ತ ಮಾತಾಡುತ್ತಲೇ ಇದ್ದರು. ನಾಲ್ಕನೆಯ ಮೊಮ್ಮಗಳ ಹೆಸರಿಗೆ ಬರುವಾಗ ಕೆಲಸ ಮುಗಿದಿತ್ತು. ಅಮ್ಮ ನೋಡುತ್ತಿದ್ದದ್ದು ಗಾಯವನ್ನಲ್ಲ, ತಂಗಿಯ ಕೈಗಳನ್ನು.

ನಾಳೆಯೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕು ಎಂದು ಮಗನಿಗೆ ಎರಡೆರಡು ಸಲ ಹೇಳಿ ಮಾವ್ಶಿ ಕೈ ತೊಳೆಯಲು ನೀರಿಗಿಳಿದರು. ಅಮ್ಮ ಹಿಂದೆಯೇ ಹೋದರು.

"ಇದನ್ನೆಲ್ಲ ಯಾವಾಗ ಕಲಿತೆ ನೀನು?"

"ದಿನಾ ಮಾಡುವುದು ಇದನ್ನೇ ಅಲ್ಲವಾ ಅಕ್ಕ. ನೀನು ಕೇಳ್ಲಿಲ್ಲ."

"ಹೋಗುವುದನ್ನು ನೀನೂ ಹೇಳ್ಲಿಲ್ಲ."

"ಹೇಳಿದ್ರೆ ನೀನು ಅಳ್ತಿದ್ದೆ. ನೀನು ಅತ್ತರೆ ನಾನು ಹೋಗ್ತಿರಲಿಲ್ಲ."

ಅಮ್ಮ ಸೆರಗಿನಿಂದ ತಂಗಿಯ ಕೈ ಒರೆಸುತ್ತ, "ಅಲ್ಲಿ ಮೀನು ಸಿಗ್ತದಾ?" ಎಂದರು.

"ಸಮುದ್ರ ಉಂಟು, ಸಿಗದೆ ಎಂತ?"

"ಎಂತ ಮೀನು?"

"ಅದನ್ನು ಹೋಗಿ ನೋಡಿ ಬರೀತೇನೆ ಮಾರಾಯ್ತಿ" ಎಂದು ಮಾವ್ಶಿ ನಕ್ಕರು. ಅಮ್ಮ ಅಳುತ್ತಲೇ ನಕ್ಕರು.

ಆ ಮನೆಯವರು ನಮ್ಮನ್ನು ಹೋಗಲು ಬಿಡಲಿಲ್ಲ. ಅವರ ತೆಳ್ಳನೆಯ ಅಕ್ಕಿರೊಟ್ಟಿ ನಮ್ಮ ಎಲೆಗೆ ಬಂತು, ನಮ್ಮ ಸುಕ್ಕ ಅವರ ತಟ್ಟೆಗೆ ಹೋಯಿತು. ಪಪ್ಪ ಎಳನೀರು ಕುಡಿದು ಮರದಡಿ ಮಲಗಿದವರು ಗೊರಕೆ ಹೊಡೆಯತೊಡಗಿದರು. ಅಕ್ಕತಂಗಿ ಕಾಲು ನೀರಿನಲ್ಲಿ ಇಳಿಬಿಟ್ಟು ಎರಡು ವಾರದ ಮಾತನ್ನೆಲ್ಲ ಆಡಿ ಮುಗಿಸಿದರು. ಸಂಜೆ ಹಳಿ ತೆರವಾಗಿ ಬಂದ ಯಾವುದೋ ಗಾಡಿಗೆ ಹತ್ತಿದೆವು. ಅದು ಎಷ್ಟು ಹೊತ್ತಿನ ಗಾಡಿ ಎಂದು ಪಪ್ಪನಿಗೂ ಗೊತ್ತಿರಲಿಲ್ಲ. ಬೇಕಲವನ್ನು ನಾವು ನಾಲ್ವರೂ ಒಟ್ಟಿಗೆ ನೋಡುವುದು ಆಗಲೇ ಇಲ್ಲ.

ಮಾವ್ಶಿ ಜೂನಿನಲ್ಲಿ ಹೋದರು, ಬಹಳ ವರ್ಷ ಅಲ್ಲೇ ದುಡಿದರು. ಪಪ್ಪ ತೀರಿಕೊಂಡ ಮೇಲೆ ಎಲ್ಲ ಬಿಟ್ಟು ಕುಲಶೇಖರಕ್ಕೆ ಬಂದು ಅಕ್ಕನ ಜೊತೆಯಲ್ಲೇ ಇದ್ದರು. ಅಮ್ಮ ಹಾಸಿಗೆ ಹಿಡಿದಾಗ ನನ್ನನ್ನು ಕೂಡ ಹತ್ತಿರ ಸೇರಿಸುತ್ತಿರಲಿಲ್ಲ. ಮಗ್ಗುಲು ಬದಲಿಸಲು, ಮೈ ಒರೆಸಲು ತಂಗಿಯೇ ಬೇಕು. ಒಂದು ಮಳೆಗಾಲದಲ್ಲಿ ಅಮ್ಮ ಹೋದರು, ಮುಂದಿನ ಮಳೆಗಾಲಕ್ಕೆ ಮಾವ್ಶಿ. ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡ ನಿಂತಿದೆ. ಇಗರ್ಜಿಯ ಹಿಂದೆ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದ್ದೇವೆ. ಪ್ರತಿವರ್ಷ ನವೆಂಬರಿನಲ್ಲಿ ಸತ್ತವರ ಸ್ಮರಣೆಯ ದಿನ ಮೇಣದಬತ್ತಿ ಹಚ್ಚಲು ಹೋದಾಗ ಮಳೆಗೆ ಬೆಳೆದ ಹುಲ್ಲು ಎರಡು ಸಮಾಧಿಗಳನ್ನೂ ಒಂದಾಗಿ ಮುಚ್ಚಿರುತ್ತದೆ, ಎಲ್ಲಿ ಅಕ್ಕ ಮುಗಿದು ಎಲ್ಲಿ ತಂಗಿ ಶುರು ಎಂದು ತಿಳಿಯದ ಹಾಗೆ. ಕೀಳಬೇಕೆಂದು ಬಗ್ಗುತ್ತೇನೆ. ಆಮೇಲೆ ಹಾಗೆಯೇ ಬಿಟ್ಟು ಬರುತ್ತೇನೆ.