ಕೊರಡಿನ ಮೇಲೆ ಕೂತ ಮೇಷ್ಟ್ರು

ನಮ್ಮ ವಿಜ್ಞಾನದ ಮೇಷ್ಟ್ರ ಕಪ್ಪು ಕೋಟಿನ ಬಲತೋಳು ಮೊಣಕೈಯಿಂದ ಮಣಿಕಟ್ಟಿನವರೆಗೆ ಸವೆದು ಮಿರುಗುತ್ತಿತ್ತು. ಸ್ಲೇಟು, ಕಲ್ಲು, ಮಸಿಕುಡಿಕೆ, ಕೈಗೆ ಸಿಕ್ಕಿದ್ದನ್ನೆಲ್ಲ ಆ ತೋಳಿನಿಂದ ಮೇಜಿನ ಮೇಲೆ ತಳ್ಳುವುದು ಅವರ ಅಭ್ಯಾಸ. ತಳ್ಳಿ, ಅದು ನಿಲ್ಲುವವರೆಗೆ ನೋಡುತ್ತಿದ್ದರು. ನಾವೂ ನೋಡಬೇಕು.

"ಎಂತಕ್ಕೆ ನಿಂತಿತು?"

"ಸುಸ್ತಾಯ್ತು ಸಾರ್," ಎಂದಿದ್ದೆ ನಾನು, ಕೊಪ್ಪದ ಮಿಡ್ಲ್ ಸ್ಕೂಲಿನ ಹಿಂದಿನ ಬೆಂಚಿನಿಂದ.

"ಕಲ್ಲಿಗೆ ಎಂತ ಸುಸ್ತು ಮಾರಾಯ? ಅದು ಹೋಗ್ತಾನೇ ಇರ್ತಿತ್ತು. ಮೇಜು ಹಿಡ್ಕೊಂಡಿತು. ಹಿಡಿಯೋರಿಲ್ಲದಿದ್ರೆ ಹೊರಟಿದ್ದು ತಾನಾಗಿ ನಿಲ್ಲೋದಿಲ್ಲ."

ಬೆತ್ತ ಮುಟ್ಟಿದವರಲ್ಲ. ಬಾಯಿಪಾಠ ಒಪ್ಪಿಸಿದರೆ ಮಾತ್ರ ಮುಖ ಸಿಂಡರಿಸುತ್ತಿದ್ದರು. ಒಮ್ಮೆ ಅಂಗಳಕ್ಕೆ ಒರಳುಕಲ್ಲು ತರಿಸಿ, ಒಬ್ಬೊಬ್ಬರಿಂದಲೂ ಎಳೆಸಿದರು. ಹೊರಡಿಸಲು ಬೆನ್ನು ಬಿದ್ದುಹೋಯಿತು. ಅದರ ಕೆಳಗೆ ದುಂಡನೆಯ ಬಿದಿರು ಕೊಟ್ಟ ಮೇಲೆ ಸಲೀಸಾಗಿ ಉರುಳಿತು. ಆದರೆ ಗೋಡೆಗೆ ಬಡಿಯುವ ಮೊದಲು ತಡೆಯಲು ನಾಲ್ವರು ಬೇಕಾದರು. "ಹೊರಡ್ಸೋದು ಎಷ್ಟು ಕಷ್ಟವೋ ನಿಲ್ಸೋದೂ ಅಷ್ಟೇ ಕಷ್ಟ. ಇದು ನಿಮ್ಮ ಕೈಗೆ ಗೊತ್ತಾಗ್ಬೇಕು," ಎಂದರು. ನನ್ನ ಕೈಗೆ ಗೊತ್ತಾಗಲಿಲ್ಲ. ಪರೀಕ್ಷೆಯಲ್ಲಿ ಬರೆದು ಪಾಸಾದೆ, ಅಷ್ಟೆ.

ಓದು ಅಲ್ಲಿಗೆ ಮುಗಿಯಿತು. ಯಾರ ಹಂಗೂ ಇಲ್ಲದೆ ದುಡಿದು ಎರಡು ಎತ್ತಿನ ಗಾಡಿ ಮಾಡಿಕೊಂಡೆ. ನರಸಿಂಹರಾಜಪುರದಲ್ಲಿ ರೈಲಿನಿಂದ ಇಳಿದ ಸಾಮಾನನ್ನು ಕೊಪ್ಪಕ್ಕೆ ಸಾಗಿಸುವುದು ನನ್ನ ಕಸುಬು. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದವರು ಆ ದಾರಿಯಲ್ಲಿ ಇರಲಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಹತ್ತು ಮೂಟೆಯ ಗಾಡಿಗೆ ಹದಿನಾಲ್ಕು ಹೇರಿಸಿಕೊಂಡು ಬಂದ ದಿನ ನನ್ನ ಬುದ್ಧಿಗೆ ನಾನೇ ಬೀಗಿದ್ದೆ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸು ನಿಂತಿತ್ತು. ಶಾಲೆಗೊಂದು ರಾಟೆ ಕೊಳ್ಳಲು ನರಸಿಂಹರಾಜಪುರಕ್ಕೆ ಬಂದಿದ್ದ ಮೇಷ್ಟ್ರು ಅವತ್ತು ನನ್ನ ಗಾಡಿಯಲ್ಲೇ, ಆ ಹದಿನಾಲ್ಕು ಉಪ್ಪಿನ ಮೂಟೆಗಳ ಮೇಲೆ ಕೂತು ಕೊಪ್ಪಕ್ಕೆ ಹೊರಟರು. ದಾರಿಯಲ್ಲಿ ಒಂದು ಉದ್ದನೆಯ ಇಳಿಜಾರು. ಅದರ ತಲೆಯಲ್ಲಿ ಗಾಡಿ ನಿಲ್ಲಿಸಿ, ಹಿಂದುಗಡೆ ಹಗ್ಗದಲ್ಲಿ ಒಂದು ಮರದ ಕೊರಡು ಕಟ್ಟುವುದು ನಮ್ಮ ಕಡೆಯ ಪದ್ಧತಿ. ಕೊರಡು ನೆಲಕ್ಕೆ ಉಜ್ಜುತ್ತ ಬಂದರೆ ಗಾಡಿ ಎತ್ತುಗಳ ಮೇಲೆ ನುಗ್ಗುವುದಿಲ್ಲ. ಗಾಡಿ ಹೊಡೆಯುವವನು ಕೊರಡು ಕಟ್ಟಿ ಮುಂದೆ ಹೋಗಿ ಕೂತ. ನನಗಿಂತ ಹಿರಿಯ, ನಾಲ್ಕು ಮಕ್ಕಳ ತಂದೆ.

ಮೇಷ್ಟ್ರು ಮೂಟೆಗಳನ್ನೊಮ್ಮೆ, ಕೊರಡನ್ನೊಮ್ಮೆ ನೋಡಿದರು. "ಇದು ಹತ್ತು ಮೂಟೆಯ ಕೊರಡಲ್ವಾ?"

"ಯಾವಾಗ್ಲೂ ಇದೇ ಸಾರ್."

"ಯಾವಾಗ್ಲೂ ಹದಿನಾಲ್ಕು ಹೇರ್ತೀಯಾ? ನಾಲ್ಕು ಇಳಿಸು."

"ಈ ಕಾಡಲ್ಲಿ ಬಿಟ್ಟು ಹೋಗೋದಾ? ಕಾಯೋರ್ಯಾರು? ಬೇಕಾದ್ರೆ ಒಂದು ಇಳಿಸ್ತೇನೆ."

"ಇಳಿಜಾರಿನ ಹತ್ರ ಚೌಕಾಶಿ ನಡೆಯೋದಿಲ್ಲ ಮಾರಾಯ. ನಿನ್ನ ವ್ಯಾಪಾರ ನೀನು ನೋಡ್ಕೊಂಡೆ. ಮುಂದೆ ಕೂತವನ ಕುತ್ತಿಗೆ ಯಾರು ನೋಡ್ಬೇಕು?"

ನಾನು ಜಗ್ಗಲಿಲ್ಲ. ಅವರು ಕೆಳಗಿಳಿದರು. ನಡೆದು ಬರುತ್ತಾರೆಂದುಕೊಂಡೆ. ಅವರು ಪಂಚೆ ಎತ್ತಿ ಕಟ್ಟಿ ಕೊರಡಿನ ಮೇಲೆ ಕೂತುಬಿಟ್ಟರು! ಕೋಟು, ರುಮಾಲು ಎಲ್ಲ ಸಮೇತ.

"ಏಳಿ ಸಾರ್, ನೋಡಿದವರು ನಗ್ತಾರೆ."

"ನಗ್ಲಿ. ಭಾರ ಹೆಚ್ಚಾದ್ರೆ ನೆಲ ಗಟ್ಟಿ ಹಿಡೀತದೆ. ನಾನೊಬ್ಬನೇ ಸಾಲೋದಿಲ್ಲ, ನೀನೂ ಬಾ."

ನಾನು ಕೂರಲಿಲ್ಲ. ಗಾಡಿಯ ಯಜಮಾನ ಕೊರಡಿನ ಮೇಲೆ ಕೂರುವುದೇ? ನಗುತ್ತ ಪಕ್ಕದಲ್ಲಿ ನಡೆದೆ.

ಅರ್ಧ ಇಳಿಜಾರಿನಲ್ಲಿ ನಗು ಆರಿತು. ನೊಗ ಮುಂದೆ ಜಾರಿ ಎತ್ತುಗಳ ಕೊಂಬಿಗೆ ಒತ್ತಿತ್ತು. ಗೊರಸು ಜಾರುತ್ತಿತ್ತು. "ಸಾವ್ಕಾರ್ರೇ, ನಿಲ್ತಾ ಇಲ್ಲ!" ಎಂದು ಮುಂದಿನಿಂದ ಕೂಗಿದ ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ತಿರುವಿಗೆ ಇಪ್ಪತ್ತು ಮಾರು ಉಳಿದಿರಬೇಕು, ಅದರಾಚೆ ಕಮರಿ. ಓಡಿಹೋಗಿ ಮೇಷ್ಟ್ರ ಹಿಂದೆ ಕೊರಡಿನ ಮೇಲೆ ಬಿದ್ದೆ. ಅವರು ಒಂದು ಕೈಯಿಂದ ನನ್ನ ಅಂಗಿ ಹಿಡಿದುಕೊಂಡರು. ಕಲ್ಲಿಗೆ ಬಡಿಯುತ್ತ, ಧೂಳು ಕುಡಿಯುತ್ತ ಇಬ್ಬರೂ ಎಳೆಸಿಕೊಂಡು ಹೋದೆವು. ತಿರುವಿನಲ್ಲಿ ಗಾಡಿ ಎತ್ತುಗಳ ಹತೋಟಿಗೆ ಬಂತು.

ಕೆಳಗೆ ನಿಂತಾಗ ಮೇಷ್ಟ್ರ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಚರ್ಮ ಸುಲಿದಿತ್ತು. ಕುಂಟುತ್ತ ಮುಂದೆ ಹೋಗಿ ಗಾಡಿಯವನನ್ನು ಕೇಳಿದರು: "ನಿಂಗೇನೂ ಆಗ್ಲಿಲ್ವಲ್ಲ?" ಆಮೇಲೆ ನನ್ನ ಕಡೆ ತಿರುಗಿ, "ಈಗ ಗೊತ್ತಾಯ್ತಾ, ನಿಲ್ಸೋಕೆ ಎಷ್ಟು ಬೇಕು ಅಂತ?" ಅಷ್ಟೆ. ಬೈಗುಳಕ್ಕೆ ಕಾದಿದ್ದೆ, ಬೈಯಲಿಲ್ಲ. ಆ ಗಾಯ ಮಾಯಲು ಎರಡು ತಿಂಗಳಾಯಿತು. ನಿಂತು ಪಾಠ ಮಾಡುತ್ತಿದ್ದವರು ಅಷ್ಟು ದಿನ ಕೂತು ಮಾಡಿದರಂತೆ.

ಈಗ ಲಾರಿ ಇಟ್ಟ ಹುಡುಗರು ನನ್ನಲ್ಲಿ ಬುದ್ಧಿ ಕೇಳಲು ಬರುತ್ತಾರೆ. ಎಷ್ಟು ಹೇರಬಹುದೆಂದು ಇಂಜಿನ್ನನ್ನು ಕೇಳಬೇಡಿ, ಬ್ರೇಕನ್ನು ಕೇಳಿ ಎನ್ನುತ್ತೇನೆ. ತಲೆಯಾಡಿಸಿ ಹೋಗುತ್ತಾರೆ. ನಾನೂ ತಲೆಯಾಡಿಸಿದವನೇ.

ಮೇಷ್ಟ್ರಿಗೆ ಮುಂದೆ ನರಸಿಂಹರಾಜಪುರಕ್ಕೆ ವರ್ಗವಾಯಿತು. ಅಲ್ಲಿನ ಮಲೇರಿಯಾ ಅವರನ್ನು ಬಿಡಲಿಲ್ಲ. ಸುದ್ದಿ ತಿಳಿದು ನಾನೂ ಗಾಡಿಯವನೂ ಹೋಗಿ ಮುಟ್ಟುವಾಗ ಹೊಳೆದಂಡೆಯಲ್ಲಿ ಚಿತೆ ಆರುತ್ತಿತ್ತು. ಇಬ್ಬರೂ ದೂರದಲ್ಲಿ ನಿಂತೆವು. ಅವನು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ನನ್ನನ್ನು ನೋಡದೆ ಹೇಳಿದ:

"ಅವತ್ತು ಅವ್ರು ಕೊರಡಿನ ಮೇಲೆ ಕೂರ್ದೆ ನಡ್ಕೊಂಡು ಬಂದಿದ್ರೆ ಸಾವ್ಕಾರ್ರೇ, ಇವತ್ತು ಇಲ್ಲಿಗೆ ನೀವೊಬ್ರೇ ಬರ್ತಿದ್ರಿ."