ಬ್ರೇಕ್ ಹಿಡಿದರೆ ಮಾತ್ರ ಹಾಡುವ ರೇಡಿಯೊ

೧೯೮೬ರಲ್ಲಿ ಒಂಬತ್ತನೇ ತರಗತಿಗೇ ಓದು ನಿಲ್ಲಿಸಿದ ನಾನು, ಮಸ್ಕತ್ತಿನಲ್ಲಿ ಹದಿನೆಂಟು ವರ್ಷ ವೈರಿಂಗ್ ಮಾಡಿದವನು. ಹಾಗಾಗಿ ಆಮೇಲೆ ಬಂದು ನೆಲೆಸಿದ ಬ್ರಿಸ್ಬೇನಿನಲ್ಲಿ ನನ್ನ ಬೈಕಿಗೆ ಡಿಜಿಟಲ್ ರೇಡಿಯೊವನ್ನು ನಾನೇ ಜೋಡಿಸಿದೆ. ಮನೆಯೆದುರಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡಿದಾಗ ಸೊಗಸಾಗಿ ಹಾಡಿತು.

ಆ ಭಾನುವಾರ ರೇಡಿಯೊದ ಕನ್ನಡ ಕಾರ್ಯಕ್ರಮದಲ್ಲಿ ನನ್ನ ಹೆಂಡತಿ ಲಿಲ್ಲಿಗೆ ಹುಟ್ಟುಹಬ್ಬದ ಶುಭಾಶಯ ಬರುವುದಿತ್ತು. ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ರೇಡಿಯೊ ಮೂಕ. ಕ್ಯಾಲಮ್‌ವೇಲ್ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದೆ, “ಮುಂದಿನ ಶುಭಾಶಯ...” ಎಂದಿತು. ಬಿಟ್ಟೆ, ನಿಂತಿತು. ರೇಡಿಯೊವನ್ನು ಬ್ರೇಕ್ ಲೈಟಿನ ತಂತಿಗೆ ಜೋಡಿಸಿಬಿಟ್ಟಿದ್ದೇನೆಂದು ಆಗ ಹೊಳೆಯಿತು. ಮತ್ತೆ ಒತ್ತಿ ಹಿಡಿದೆ. ಅಷ್ಟರಲ್ಲಿ ಹಸಿರು ದೀಪ ಬಂತು, ಹಿಂದಿನಿಂದ ಹಾರ್ನ್‌ಗಳ ಸುರಿಮಳೆ.

ಪಕ್ಕದ ಕಾರಿನ ಹೆಣ್ಣುಮಗಳು ಕನ್ನಡ ಕೇಳಿ ಗಾಜು ಇಳಿಸಿದಳು. “ಏನಾಯ್ತು ಅಂಕಲ್, ಬೈಕ್ ಕೆಟ್ಟೋಯ್ತಾ?”

“ಸ್ವಲ್ಪ ಸುಮ್ನಿರಮ್ಮಾ, ನನ್ನ ಹೆಸರು ಓದ್ತಿದಾರೆ!” ಎಂದಳು ಲಿಲ್ಲಿ.

“ಹಾಗಾದ್ರೆ ಬ್ರೇಕ್ ಬಿಡ್ಲೇಬೇಡಿ ಅಂಕಲ್!” ಎಂದು ಅವಳೂ ಕಾರನ್ನು ಅಲ್ಲೇ ನಿಲ್ಲಿಸಿಕೊಂಡಳು. ದೀಪ ಮತ್ತೆ ಕೆಂಪಾಗುವವರೆಗೂ ಮೂವರೂ ಕೇಳಿದೆವು.

ಆಕೆ ಲಿಲ್ಲಿಯ ಗೆಳತಿಯಾದಳು. ಈಗ ನನಗಿರುವುದು ಬೈಕು ಒಂದು, ಓಡುವಾಗಲೂ ಹಾಡುವ ರೇಡಿಯೊ ಒಂದು, ಈ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳುವ ಹೆಂಗಸರು ಇಬ್ಬರು.